ತೆಂಕು ತಲೆ

ಬಿಳಿ ಬಣ್ಣದ ಟ್ಯೂಬಿಗೆ ಒಂದೂಕಾಲು ರೂಪಾಯಿ, ಕೆಂಪಿಗೆ ಎರಡು, ಮಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚು ಬೇರೆ. ಐವತ್ತೆಂಟನೇ ಇಸವಿಯಲ್ಲಿ ಅಷ್ಟು ದುಡ್ಡಿಗೆ ಮನೆಗೊಂದು ವಾರದ ಅಕ್ಕಿ ಬರುತ್ತಿತ್ತು. ಆದರೂ ಅರಂತೋಡಿನ ಮೇದಪ್ಪ ತಂದ. ವರ್ಷವಿಡೀ ಅಂಗಡಿಗಳ ಬೋರ್ಡು ಬರೆಯುವವನಿಗೆ ಒಮ್ಮೆಯಾದರೂ ಮಲಗಿದ ಮನುಷ್ಯರ ಚಿತ್ರ ಬರೆಯುವ ಆಸೆ. ಪುತ್ತೂರಿನ ಡ್ರಾಯಿಂಗ್ ಮಾಸ್ತರರು ತೋರಿಸಿದ ಪರದೇಶದ ಚಿತ್ರಗಳು ಅವನ ತಲೆಯಿಂದ ಇಳಿದಿರಲಿಲ್ಲ. ಅವುಗಳಲ್ಲಿ ಮಲಗಿದವರ ಮೈಯನ್ನು ಕಣ್ಣಿಗೆ ಕಂಡ ಹಾಗಲ್ಲ, ಮನಸ್ಸಿಗೆ ನಾಟಿದ ಹಾಗೆ ಬರೆದಿದ್ದರು. ಬಣ್ಣವನ್ನು ದಪ್ಪಕ್ಕೆ ಮೆತ್ತಿದ್ದರು.

ಅಲುಗದೆ ಮಲಗುವವರು ಯಾರು? ಅವನ ಅವ್ವ ದೇವಮ್ಮ ಮಧ್ಯಾಹ್ನ ಉಂಡು ಚಾವಡಿಯಲ್ಲಿ ಚಾಪೆ ಹಾಸಿದರೆ ಸಂಜೆಯ ಚಾಯದವರೆಗೆ ಕದಲುತ್ತಿರಲಿಲ್ಲ.

“ಬರಿ ಮಗ. ನಾನು ಹೇಗೂ ಮಲಗುದೇ,” ಎಂದಳು.

ಮೇದಪ್ಪ ಪಡುವಣ ಗೋಡೆಗೆ ಬೆನ್ನು ಕೊಟ್ಟು ಕುಳಿತು ಬರೆದ. ಮುಖಕ್ಕೆ ಹಸಿರು, ಗದ್ದೆಯಲ್ಲಿ ನೇಜಿ ನೆಟ್ಟು ಸವೆದ ಕೈಗೆ ಕಡುಗೆಂಪು, ನೋಯುವ ಸೊಂಟಕ್ಕೆ ನೀಲಿ. ಒಣಗಿದ ಮೇಲೆ, ಬೆಳಕು ಚೆನ್ನಾಗಿ ಬೀಳುತ್ತದೆಂದು ಪಡುವಣ ಗೋಡೆಗೇ ತೂಗುಹಾಕಿದ. ಹಸಿರು ಮುಖಕ್ಕೆ ಬೈಗುಳ ಬೀಳುತ್ತದೆಂದು ಕಾದ.

ದೇವಮ್ಮ ನೋಡಿದಳು. ಬಾಯಿಗೆ ಹಾಕಲಿದ್ದ ವೀಳ್ಯವನ್ನು ಕೆಳಗಿಟ್ಟಳು.

“ನನ್ನನ್ನು ಬಡಗು ತಲೆ ಮಾಡಿ ಮಲಗಿಸಿದ್ದೀಯಲ್ಲ! ನನ್ನನ್ನು ಕಳಿಸ್ಲಿಕ್ಕೆ ಇಷ್ಟು ಅರ್ಜೆಂಟಾ?”

ಉತ್ತರಕ್ಕೆ ತಲೆಯಿಟ್ಟು ಆ ಮನೆಯಲ್ಲಿ ಯಾರೂ ಮಲಗಿದವರಲ್ಲ. ಆಯುಷ್ಯಕ್ಕೆ ಕೇಡು ಎಂಬ ನಂಬಿಕೆ.

“ನೀನು ಮಲಗಿದ ಹಾಗೆಯೇ ಬರೆದದ್ದವ್ವಾ, ತೆಂಕು ತಲೆಯೇ.”

“ನನಗೆ ಕಣ್ಣು ಉಂಟು. ಸಂಜೆಯೊಳಗೆ ಅದನ್ನು ಒಲೆಗೆ ಹಾಕು.”

“ಮತ್ತೆ ಮುಖ ಹಸಿರಾದದ್ದು?”

“ಅದು ಎಂತ ಬೇಕಾದರೂ ಆಗಲಿ. ದಿನಾ ಬಸಳೆ ತಿನ್ನುವವಳ ಮುಖ!”

ಅವ್ವನ ಮಾತು ಮೀರಿ ಮೇದಪ್ಪನಿಗೆ ಅಭ್ಯಾಸವಿಲ್ಲ. ಚಿತ್ರ ಇಳಿಸಲು ಕೈಯೆತ್ತಿದ.

ಅಕ್ಕಿ ಆರಿಸುತ್ತಿದ್ದ ಹೆಂಡತಿ ಶೀಲಾವತಿ ಗೆರಸೆ ಬದಿಗಿಟ್ಟು ಎದ್ದಳು. “ಅತ್ತೆ, ಇವರು ಬರೆದದ್ದು ಸರಿಯೇ ಉಂಟು, ತೂಗಿದ್ದು ತಪ್ಪು. ಬರೆಯುವಾಗ ಮೂಡು ನೋಡಿ ಕೂತಿದ್ದರು. ಆಗ ಬಲಗೈ ಬದಿ ತೆಂಕು. ಈಗ ನಾವು ಪಡುವ ನೋಡ್ತಾ ಇದ್ದೇವೆ, ಬಲಗೈ ಬದಿ ಬಡಗು. ಎದುರು ಗೋಡೆಗೆ ಹಾಕಿದರೆ ತಲೆ ತೆಂಕಿಗೆ ಬರ್ತದೆ.”

“ಅಲ್ಲಿ ಕಿಟಕಿ ಉಂಟು, ಬೆಳಕು ಕಣ್ಣಿಗೆ ಹೊಡೀತದೆ. ಅಡಿಗೆಮನೆಯ ಹೊಗೆ ಬೇರೆ,” ಎಂದ ಮೇದಪ್ಪ.

“ನಿಮಗೆ ಹೊಗೆ ಬೇಕಾ, ಒಲೆ ಬೇಕಾ?”

ಚಿತ್ರ ಮೂಡಣ ಗೋಡೆಗೆ ಹೋಯಿತು. ದೇವಮ್ಮ ಕೈಚಾಚಿ ದಿಕ್ಕು ನೋಡಿ ಖಾತ್ರಿ ಮಾಡಿಕೊಂಡಳು. ವೀಳ್ಯ ಬಾಯಿಗೆ ಹೋಯಿತು. ಆಮೇಲೆ ಚಿತ್ರದ ಕೆಳಗೇ ಚಾಪೆ ಹಾಸಿದಳು.

ಕೆಲವು ಮಳೆಗಾಲ ಕಳೆಯುವುದರೊಳಗೆ ಹೊಗೆಗೆ ಹಸಿರು ಮುಖ ಕಂದಿಹೋಯಿತು. ಮೇದಪ್ಪ ಕಳೆದುಕೊಂಡದ್ದು ಆ ಹಸಿರನ್ನು. ಗಳಿಸಿದ್ದು, ಮತ್ತೆ ಬಣ್ಣ ತಂದಾಗಲೆಲ್ಲ ಕರೆಯದೆಯೇ ಬಂದು ಮಲಗುವ ಅವ್ವನನ್ನು.