ಸದ್ದಿಲ್ಲದ ಊರಿನ ಮಾಳಿಗೆ

ನೆಲ ನಡುಗದ ಊರಿಗೆ ನಡುಕ ಅಳೆಯುವ ಯಂತ್ರ ಯಾಕೆ ಎಂದು ಗಂಗಾಧರ ಮೂರನೆಯ ಸಲ ಕೇಳಿದ. ಭೂಕಂಪದ ಆಫೀಸಿನಿಂದ ಬಂದಿದ್ದ ಅರ್ಚನಾ ಮೂರನೆಯ ಸಲವೂ ಅದೇ ಉತ್ತರ ಕೊಟ್ಟಳು. ಮೂಡಲಿಗಿರುವ ಹಿರೇಬಾವಿಯಲ್ಲಿ ಎರಡು ವರ್ಷದಿಂದ ನೆಲ ಗುಡುಗುಡು ಎನ್ನುತ್ತಿದೆ, ಪಡುವಲಿನ ಗುಂಡಿನಹಟ್ಟಿಯಲ್ಲಿ ಪಾತ್ರೆಗಳು ಅಲುಗಿವೆ. ನೆಲದೊಳಗಿನ ಬಿರುಕು ಒಂದೇ, ಈ ಊರಿನ ಅಡಿಯಿಂದಲೇ ಹೋಗಿದೆ. ನಡುವಿನ ತುಂಡು ಮಾತ್ರ ಸುಮ್ಮನಿದೆ. ಅದಕ್ಕೇ ಇಲ್ಲಿಗೆ ಬಂದದ್ದು.

"ಸುಮ್ಮನಿರೋರ ಮನಿಗೆ ಪೊಲೀಸರು ಬಂದಂಗಾತು," ಎಂದ ಗಂಗಾಧರ. ಕಟ್ಟೆಯ ಮೇಲಿದ್ದವರು ನಕ್ಕರು.

ಉಚ್ಚಂಗೆಪ್ಪ ನಗಲಿಲ್ಲ. ಕೂಡ್ಲಿಗಿ ಸುತ್ತಲಿನ ಬಂಡೆಗಳಲ್ಲಿ ಮೂವತ್ತು ವರ್ಷ ಕಲ್ಲು ಒಡೆದ ಅವನು ಮಾತಿಗಿಂತ ಹೆಚ್ಚಾಗಿ ಮುಖ ನೋಡುವವನು. ಎಂಟು ವರ್ಷದ ಹಿಂದೆ ನೀರು ಹುಡುಕುತ್ತೇವೆಂದು ಪೆಟ್ಟಿಗೆ ಹೊತ್ತು ಬಂದವರಿಗೆ ಅವನ ಮನೆಯಲ್ಲೇ ಊಟ ಹಾಕಿದ್ದರು. ಅವರು ಹೋಗಿ ವರ್ಷ ತುಂಬುವಷ್ಟರಲ್ಲಿ ದನ ಮೇಯುವ ಗುಡ್ಡಕ್ಕೆ ತಂತಿ ಬೇಲಿ ಬಿದ್ದಿತ್ತು. ಈಗ ಈಕೆ ಯಂತ್ರವಿಡಲು ಅವನ ಹಿತ್ತಲನ್ನೇ ಕೇಳುತ್ತಿದ್ದಳು. ಅಲ್ಲಿ ಕೆರೆದರೆ ಬಂಡೆ ಸಿಗುತ್ತದಂತೆ. ಹೆಬ್ಬೆಟ್ಟು ಬೇಡ, ಪಹಣಿ ಬೇಡ ಎಂದಳು. ಕಾಗದ ಕೇಳುವವರನ್ನು ಅನುಮಾನಿಸುವುದು ಊರಿಗೆ ಗೊತ್ತಿತ್ತು. ಕೇಳದವರನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಹಿತ್ತಲು ನೋಡಲು ಬಂದವಳನ್ನು ಅವನು ಅಲ್ಲೇ ನಿಲ್ಲಿಸಿ ಕೇಳಿದ: "ಯಾವಾಗ ಆಕ್ಕತಿ, ಅಷ್ಟು ಹೇಳ್ರಿ."

"ಹೇಳಕ್ಕೆ ಬರಲ್ರೀ. ಹತ್ತು ವರ್ಷಕ್ಕೆ ಆಗ್ಬಹುದು, ನೂರು ವರ್ಷಕ್ಕೂ ಆಗ್ಬಹುದು. ಆಗ್ದೇನೂ ಇರ್ಬಹುದು. ಹಿಂಗೆ ಸುಮ್ನಿರೋ ಜಾಗ ನೋಡಿ ಹೇಳಿದ್ದು ಎಷ್ಟೋ ಕಡೆ ಸುಳ್ಳಾಗೈತೆ." ಅವಳದು ಅರಸೀಕೆರೆ ಕಡೆಯ ಮಾತು.

"ಮತ್ತ ಯಾಕ ಬಂದ್ರಿ?"

"ಎರಡೂ ಕಡೆ ಸರೀತಾ ಐತೆ, ನಡುವೆ ಹಿಡ್ಕಂಡು ಕೂತೈತೆ. ಆ ಬಲ ಎಲ್ಲಿಗೆ ಹೋಗ್ಬೇಕ್ರಿ?"

ಹಾಗೆ ಹೇಳಿದವಳ ಕಣ್ಣು ಅವನ ಮನೆಯ ಮಣ್ಣಿನ ಮಾಳಿಗೆಯ ಅಂಚಿನ ಮೇಲೆ ನಿಂತಿತು. ಮೇಲೆ ಮಣ್ಣು ಎಷ್ಟು ದಪ್ಪ ಇದೆ ಎಂದು ಕೇಳಿದಳು. ಅವನು ಯಂತ್ರಕ್ಕೆ ಜಾಗ ಕೊಡಲಿಲ್ಲ. ವಿಚಾರ ಮಾಡಿ ಹೇಳುತ್ತೇನೆಂದು ಕಳಿಸಿಬಿಟ್ಟ.

ಮೋಸ ಮಾಡಲು ಬಂದವರು ದಿನ, ತಾರೀಕು ಹೇಳಿ ಹೆದರಿಸುತ್ತಾರೆ. ಈಕೆ ಗೊತ್ತಿಲ್ಲ ಎಂದಿದ್ದಳು. ಅದು ಇನ್ನೂ ದೊಡ್ಡ ಮೋಸವಿರಬಹುದೇ ಎಂದು ಅವನು ಮಧ್ಯಾಹ್ನವಿಡೀ ತೂಗಿ ನೋಡಿದ. ಆದರೆ ಆ ಬಲದ ಮಾತು ಅವನ ಕೈಗೆ ಗೊತ್ತಿದ್ದ ಮಾತು. ಬಂಡೆಗೆ ಸಾಲಾಗಿ ಕುಳಿ ತೋಡಿ, ಕುಳಿಗೊಂದು ಕಬ್ಬಿಣದ ಬೆಣೆ ಇಟ್ಟು ಬಡಿಯುತ್ತ ಹೋದರೆ ಎರಡೂ ತುದಿಯಿಂದ ಬಿರುಕು ಚಿಟಿಚಿಟಿ ಎಂದು ಓಡಿ ಬರುತ್ತದೆ. ಒಮ್ಮೊಮ್ಮೆ ನಡುವಿನ ಗೇಣುದ್ದ ಮಾತ್ರ ಬಾಯಿ ಬಿಡುವುದಿಲ್ಲ. ಹೊಸಬರು ಅದೇ ಗಟ್ಟಿ ಜಾಗವೆಂದು ಅಲ್ಲಿ ಕುಳಿತು ಬೀಡಿ ಹಚ್ಚುತ್ತಾರೆ. ಜೊತೆಯ ಏಕಾಂತಪ್ಪ ಹಾಗೆ ಕುಳಿತವನು. ಆ ಗೇಣುದ್ದ ಒಮ್ಮೆಲೇ ಸೀಳಿತು, ಅವನ ಎಡಗಾಲು ಇವತ್ತಿಗೂ ನೆಟ್ಟಗಿಲ್ಲ.

ಒಳಕೋಣೆಯಲ್ಲಿ ಮಗಳು ಸುಮಂಗಲಾ ಹನ್ನೊಂದು ದಿನದ ಕೂಸಿನೊಂದಿಗೆ ಮಲಗಿದ್ದಳು. ಬಾಣಂತಿಗೆ ಬೆಚ್ಚಗಿರಲೆಂದು ಮನೆಯಲ್ಲೇ ಅತಿ ದಪ್ಪ ಮಾಳಿಗೆಯ ಕೋಣೆ ಕೊಟ್ಟಿದ್ದರು. ಮುಂಗಾರಿಗೆ ಮೊದಲು, ಮಳೆಗೆ ಸೋರದಿರಲೆಂದು, ಮಾಳಿಗೆಗೆ ಸವಳು ಮಣ್ಣು ಹೊದಿಸುವುದು ಈ ಕಡೆಯ ರೂಢಿ. ಹಳೆಯದನ್ನು ತೆಗೆಯುವ ರೂಢಿ ಇಲ್ಲ. ಅವನ ಅಜ್ಜ ಹಾಕಿದ್ದ, ಅಪ್ಪ ಹಾಕಿದ್ದ, ಅವನೂ ಹಾಕುತ್ತ ಬಂದಿದ್ದ. ಸಂಜೆ ಏಣಿ ಹತ್ತಿ ಆ ಕೋಣೆಯ ಮೇಲೆ ಹಾರೆ ಊರಿದ. ಮೊಳ ಇಳಿದರೂ ಕೆಳಗಿನ ಕಟ್ಟಿಗೆ ತಾಗಲಿಲ್ಲ. ನೆಲ ಅಲುಗಿದರೆ ಅಷ್ಟೂ ಮಣ್ಣು ಕೂಸಿನ ಮೇಲೆ.

ಮರುದಿನ ಬೆಳಗ್ಗೆ ಬಾಣಂತಿಯನ್ನು ಮುಂದಿನ ತಗಡಿನ ಪಡಸಾಲೆಗೆ ಕರೆತರಲು ಹೇಳಿದಾಗ ಹೆಂಡತಿ ಸುಂಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಗಾಳಿ ಬಡಿದು ಕೂಸಿಗೆ ಏನಾದರೂ ಆದರೆ ಬೀಗರಿಗೆ ಯಾವ ಮುಖ ತೋರಿಸುವುದು, ಮಳೆ ಎದುರಿಗಿಟ್ಟುಕೊಂಡು ಮಾಳಿಗೆಯ ಮಣ್ಣು ಇಳಿಸುವವರನ್ನು ತಾನು ಕಂಡಿಲ್ಲ ಎಂದಳು. ಕೊನೆಗೆ ದನಿ ತಗ್ಗಿಸಿದಳು.

"ಖರೇ ಹೇಳು. ಆ ಹೆಣ್ಮಗಳು ನಿನಗೊಬ್ಬನಿಗೇ ಏನರ ಹೇಳ್ಯಾಳೇನು?"

"ಗೊತ್ತಿಲ್ಲ ಅಂದಾಳ. ಅಷ್ಟ."

"ಗೊತ್ತಿಲ್ಲ ಅಂದದ್ದಕ್ಕ ಯಾರರ ಮಾಳಿಗಿ ಕೀಳ್ತಾರೇನು?"

"ಗೊತ್ತೈತಿ ಅಂದಿದ್ರ ನಾ ನಂಬ್ತಿದ್ದಿಲ್ಲ, ಬುಡು."

ಅಷ್ಟರಲ್ಲಿ ಸುಮಂಗಲಾ ಕೂಸನ್ನು ಎತ್ತಿಕೊಂಡು ತಾನೇ ಬಂದು, ಒಳಗಿನ ಧಗೆಗೆ ಮಗುವಿನ ಮೈಯೆಲ್ಲ ಬೆವರುಗುಳ್ಳೆ ಎದ್ದಿದೆ, ದಾರಿ ಬಿಡು ಎಂದಳು. ಸುಂಕಮ್ಮ ಗೊಣಗುತ್ತಲೇ ಪಡಸಾಲೆಗೆ ಸೀರೆ ಅಡ್ಡ ಕಟ್ಟಿದಳು.

ಉಚ್ಚಂಗೆಪ್ಪ ದಿನವಿಡೀ ಮಣ್ಣು ಇಳಿಸಿದ. ಬುಟ್ಟಿ ಬುಟ್ಟಿ ಮಣ್ಣು ಬೀದಿಗೆ ಬಿದ್ದಂತೆ ಮಾತೂ ಬೆಳೆಯಿತು. ಇಲ್ಲಿಂದ ಊರನ್ನೇ ಎತ್ತಿಸುತ್ತಾರೆ, ಅವನಿಗೆ ಮೊದಲೇ ತಿಳಿದಿದೆ ಎಂದರು. ಎರಡು ಮನೆ ಆಚೆಯ ಗಂಗಾಧರ ಬಂದು ರಾಶಿಯಿಂದ ಒಂದು ಹೆಂಟೆ ಎತ್ತಿ, ಪುಡಿಮಾಡಿ, ಮೂಸಿ ನೋಡಿದ.

"ಯಂತ್ರಕ್ಕ ಜಾಗ ಕೊಟ್ಟಿಯೇನು, ಉಚ್ಚಂಗಣ್ಣ?"

"ಇಲ್ಲ."

"ಮತ್ತ ಇದು?"

"ನಿನ್ನ ಮಾಳಿಗಿ ಮ್ಯಾಲ ಒಮ್ಮೆ ಹಾರೆ ಊರಿ ನೋಡು. ನನ್ನ ಕೇಳಬ್ಯಾಡ."

ಗಂಗಾಧರ ಅಂಗೈ ಒರೆಸಿಕೊಂಡು ಹೋದ.

ಬಿಸಿಲು ಇಳಿಯುವ ಹೊತ್ತಿಗೆ ಕೋಣೆಯ ಮೇಲೆ ಗೇಣು ಮಣ್ಣು ಉಳಿದಿತ್ತು. ಅದರ ಮೇಲೆ ತಾಡಪಾಲು ಹಾಸಿ, ಅಂಚಿಗೆ ಕಲ್ಲು ಇಟ್ಟು ಉಚ್ಚಂಗೆಪ್ಪ ನಡು ನೆಟ್ಟಗೆ ಮಾಡಿದ. ಗಂಗಾಧರ ತನ್ನ ಮಾಳಿಗೆಯ ಮೇಲೆ ಸಲಿಕೆ ಹಿಡಿದು ನಿಂತಿದ್ದ. ಕೆಳಗೆ ಅವನ ಬಾಗಿಲಲ್ಲಿ ಈ ವರ್ಷದ ಸವಳು ಮಣ್ಣು ಒಂದು ಟ್ರ್ಯಾಕ್ಟರಿನಷ್ಟು ಬಿದ್ದಿತ್ತು. ಅವನು ಹತ್ತಿದ್ದು ಹಾಕಲೋ ತೆಗೆಯಲೋ ಹೇಳುವಂತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಂಡರು. ಸ್ವಲ್ಪ ಹೊತ್ತಿಗೆ ಗಂಗಾಧರ ಚಪ್ಪಲಿ ಕಳಚಿ, ಬಲಗಾಲನ್ನು ಮುಂದಿಟ್ಟು, ಕಾಲ ಕೆಳಗಿನ ಮಣ್ಣನ್ನು ಮೆಲ್ಲಗೆ ಒತ್ತಿ ನೋಡಿದ.