ಕರೆ ಇಲ್ಲದ ಕಾರ್ಡು

ಸೇಲಂನ ಗುಗೈ ಬೀದಿಯಲ್ಲಿ ನಲವತ್ತು ವರ್ಷದಿಂದ ನೇಯುತ್ತ ಬಂದವರು ಲಕ್ಷ್ಮಮ್ಮ. ಸೀರೆಯಲ್ಲಿ ಒಂದೆಳೆ ತಪ್ಪಿದರೂ ಅವರ ಕಣ್ತಪ್ಪದು. ಅಂಥವರ ಮಗ ಗೋಪಿನಾಥ್‌ಗೆ ಒಂದು ಹುಚ್ಚು: ಕ್ರಿಕೆಟ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳನ್ನು ಕೂಡಿಡುವುದು.

ಅಂದು ಧರ್ಮಪುರಿಯಿಂದ ಸೆಲ್ವಂ ಎಂಬಾತ ಒಂದು ಅಪರೂಪದ ಕಾರ್ಡು ತಂದಿದ್ದ. ಬೆಲೆ ಆರು ಸಾವಿರ. ಕೆಟ್ಟು ನಿಂತ ಮಗ್ಗದ ರಿಪೇರಿಗೆಂದು ಗೋಪಿನಾಥ್ ಬಳಿ ಎತ್ತಿಟ್ಟ ಹಣವೂ ಅಷ್ಟೇ. ಅದು ಹೋದರೆ ಮಗ್ಗ ಮಲಗಿದ ಹಾಗೆಯೇ ಮಲಗಿರಬೇಕು.

ಸೆಲ್ವಂ ಎರಡು ಲೋಟ ಕಾಫಿ ಕುಡಿದ. ಕಾರ್ಡನ್ನು ಮಾತ್ರ ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಲಿಲ್ಲ. ಗಡಿಯಾರ ಬೇರೆ ನೋಡುತ್ತಿದ್ದ. ಲಕ್ಷ್ಮಮ್ಮನಿಗೆ ಅಲ್ಲೇ ವಾಸನೆ ಹತ್ತಿತು.

"ಮಿಂಟ್ ಕಂಡೀಷನ್ ತಂಬಿ. ಯೋಚನೆ ಮಾಡ್ತಾ ಕೂತ್ರೆ ಬೇರೆಯೋರು ತಗೊಂಡೋಯ್ತಾರೆ" ಎಂದ ಸೆಲ್ವಂ.

"ಮಿಂಟ್ ಅಂದ್ರೆ ಏನ್ಲಾ?" ಲಕ್ಷ್ಮಮ್ಮ ಮಗನನ್ನು ಕೇಳಿದರು.

"ಒಸದು ಇದ್ದಂಗೇ ಐತೆ ಅಂತ ಕಣಮ್ಮಾ."

"ನಾನು ಪುದಿನಾ ಅನ್ಕಂಡೆ. ಅದನ್ನೂ ಕಟ್ಟು ಬಿಚ್ಚಿ ನೋಡೇ ತಗೊಳ್ಳದು."

"ಸುಮ್ಕಿರಮ್ಮಾ. ನಂಬಿಕೆ ಇರ್ಬೇಕು."

"ನಂಬಿಕೆ ಇರ್ಲಿ, ಬೆಳಕೂ ಇರ್ಲಿ. ಕಿಟಕಿ ತೆಗಿ."

ಸೆಲ್ವಂ ನಕ್ಕ. "ಭಯ ಬ್ಯಾಡಮ್ಮಾ. ಕಾರ್ಡಲ್ಲಿ ಕರೆಯೇ ಇಲ್ಲ."

ಅವನು ಹೇಳಿದ್ದು ತಮಿಳಿನ ಕರೆ, ಅಂದರೆ ಕೊಳೆಯ ಕಲೆ. ಆದರೆ ಆ ಬೀದಿಯ ನೇಕಾರರಿಗೆ ಕರೆ ಎಂದರೆ ಸೀರೆಯ ಅಂಚು.

"ಕರೆ ಇಲ್ದೇ ಇರ್ತದಾ? ಕರೆ ಕೆಟ್ರೆ ಸೀರೆನೇ ಕೆಟ್ಟಂಗೆ. ಮೊದ್ಲು ಕರೆ ತೋರ್ಸು."

ಗೋಪಿನಾಥ್ ಪಕ್ಕನೆ ನಕ್ಕ. ಮರುಗಳಿಗೆಯೇ ನಗು ನಿಂತಿತು. ಕಾರ್ಡಿನ ಅಂಚನ್ನು ತಾನೂ ನೋಡಿರಲಿಲ್ಲವಲ್ಲ. "ಅಣ್ಣಾ, ಒಂದ್ಸಲ ಕವರಿಂದ ತೆಗೀರಿ."

"ಬಸ್ಸಿಗೆ ಒತ್ತಾಯ್ತು ತಂಬಿ."

"ಧರ್ಮಪುರಿಗೆ ಗಳಿಗೆಗೊಂದು ಬಸ್ಸೈತೆ" ಎಂದರು ಲಕ್ಷ್ಮಮ್ಮ.

ವಿಧಿಯಿಲ್ಲದೆ ಸೆಲ್ವಂ ಕೊಟ್ಟ. ಗೋಪಿನಾಥ್ ಕೈ ಒರೆಸಿಕೊಂಡು, ಚಿತ್ರ ಮುಟ್ಟದೆ ಕಾರ್ಡನ್ನು ಹೊರಗೆ ಜಾರಿಸಿ ಬೆಳಕಿಗೆ ವಾಲಿಸಿದ. ಮಡಿಕೆಯ ಸಣ್ಣ ಗೆರೆಯೊಂದು ಮಿನುಗಿತು. ಲಕ್ಷ್ಮಮ್ಮ ಎಳೆ ಎಣಿಸುವ ಭೂತಗನ್ನಡಿ ತಂದು ಹಿಡಿದರು. ಸವೆದು ಬೆಳ್ಳಗಾದ ಅಂಚಿಗೆ ಯಾರೋ ಕಪ್ಪು ಸ್ಕೆಚ್ ಪೆನ್ನು ಬಳಿದಿದ್ದರು. ಖಾಲಿ ಕವರಿನೊಳಗೂ ಕಪ್ಪು ಗೆರೆ ಅಂಟಿತ್ತು.

"ಬಣ್ಣ ಬಿಡ್ತಾ ಐತೆ ಕಣಪ್ಪಾ. ನಮ್ಮ ಸೀರೆ ಇಂಗೆ ಬಿಟ್ಟಿದ್ರೆ ನೇಕಾರರ ಸೊಸೈಟಿಯೋರು ಮಕದ ಮೇಲೆ ಎಸೀತಿದ್ರು."

"ನಂಗೆ ಕೊಟ್ಟೋನೂ ಇಂಗೇ ಕೊಟ್ಟಿದ್ದು" ಎಂದು ಗೊಣಗಿ ಸೆಲ್ವಂ ಕಾರ್ಡನ್ನು ಜೇಬಿಗಿಳಿಸಿದ, ತಾನು ಮೆಟ್ಟಿಲಿಳಿದ.

ಗೋಪಿನಾಥ್ ಹಣವನ್ನು ತಾಯಿಯ ಕೈಗಿಟ್ಟ. "ಇನ್ಮೇಲೆ ಕಾರ್ಡು ನೋಡಕ್ಕೆ ನೀನೂ ಬಾಮ್ಮಾ."

"ಬತ್ತೀನಿ. ಮೊದ್ಲು ಓಗಿ ಮಗ್ಗದ ಮೇಸ್ತ್ರಿಗೆ ಏಳು."

ಕಾರ್ಡು ಕೂಡಿಡುವ ಅಕ್ಕಂದಿರೇ, ಅಣ್ಣಂದಿರೇ, ನೀವು ದುಡ್ಡು ತೆಗೆಯುವ ಮುನ್ನ ಮಾರುವವರು ಕವರಿನಿಂದ ಕಾರ್ಡು ತೆಗೆಯಲಿ. ನಾಲ್ಕು ಮೂಲೆ, ನಾಲ್ಕು ಅಂಚು, ಹಿಂದೆ ಮುಂದೆ ಎಲ್ಲ ನೋಡಿ. ಬೆಳಕಿಗೆ ವಾಲಿಸಿದರೆ ಗೀರು, ಮಡಿಕೆ ತಾವೇ ಬಾಯಿ ಬಿಡುತ್ತವೆ. ಮೊಬೈಲಿನಲ್ಲಿ ಕೊಳ್ಳುವುದಾದರೆ ಎರಡೂ ಬದಿಯ ಫೋಟೋವನ್ನು ಹತ್ತಿರದಿಂದ ತೆಗೆಸಿ ತರಿಸಿಕೊಳ್ಳಿ. ತೋರಿಸಲು ಒಲ್ಲೆ ಎನ್ನುವವರಿಗೆ ಕೊಳ್ಳಲು ಒಲ್ಲೆ ಎನ್ನಿ.