ಹೆಬ್ಬೆರಳಿಗಂಟಿದ ಮೇಣ

ನಾನು ಒಂದು ಹಿತ್ತಾಳೆಯ ಮುದ್ರೆ. ಸರಿಯಾಗಿ ಹೇಳಬೇಕೆಂದರೆ ಅರ್ಧ ಮುದ್ರೆ. ಜರ್ಮನ್ ಸೀಮೆಯ ಗ್ರಿಮ್ಮೆನೌ ಎಂಬ ಪುಟ್ಟ ಸಂಸ್ಥಾನದಲ್ಲಿ ಅಕ್ಕಸಾಲಿಯೊಬ್ಬ ನನ್ನ ಮುಖದ ಮೇಲೆ ಕಾಡುಹಂದಿಯ ತಲೆಯನ್ನೂ ಸುತ್ತ ದೊರೆ ಉಲ್ರಿಕನ ಹೆಸರನ್ನೂ ಕೊರೆದ. ಮೂರು ಕಣಿವೆ, ಒಂದು ಕೋಟೆ, ಒಂದು ಓಕ್ ಕಾಡು, ಅಷ್ಟೇ ರಾಜ್ಯ. ಅಷ್ಟು ಜಂಬ ಮಾತ್ರ ಚಕ್ರವರ್ತಿಗೂ ಇರಲಿಲ್ಲ ಬಿಡಿ.

ದೊರೆ ಏನೇ ಬರೆಸಲಿ, ಬಿಸಿ ಮೇಣದ ಮೇಲೆ ನನ್ನನ್ನು ಒತ್ತಿ, ಮೇಣದ ಹಿಂಬದಿಗೆ ತನ್ನ ಹೆಬ್ಬೆರಳು ಊರುತ್ತಿದ್ದ. ಆ ಬೆರಳಿಗೆ ಗಿಡುಗ ಕುಕ್ಕಿದ ಗಾಯದ ಗೆರೆಯಿತ್ತು. ಮುಂದೆ ಹಂದಿ, ಹಿಂದೆ ಗೆರೆ ಇದ್ದರೆ ಅದು ದೊರೆಯ ಮಾತು.

ಮುದುಕ ದೊರೆ ಸಾಧುವೇನಲ್ಲ. ಮಾಂಸ ತಿಂದ ಕೈಯಲ್ಲೇ ನನ್ನನ್ನು ಹಿಡಿಯುತ್ತಿದ್ದ. ಅಕ್ಷರಗಳ ಸಂದಿಯಲ್ಲಿ ಕೊಬ್ಬು ಕೂತು ನಾನು ನಾರುತ್ತಿದ್ದೆ. ಆದರೂ ಒಂದು ಒಳ್ಳೆಯ ಪತ್ರಕ್ಕೆ ನನ್ನನ್ನು ಒತ್ತಿದ್ದ. ಓಕ್ ಕಾಯಿ ಉದುರುವ ಕಾಲದಲ್ಲಿ ಹಳ್ಳಿಯವರು ತಮ್ಮ ಹಂದಿಗಳನ್ನು ಮೇಯಲು ಕಾಡಿಗೆ ಬಿಡಬಹುದು ಎಂಬ ಪತ್ರ ಅದು. ಚಳಿಗಾಲದಲ್ಲಿ ಆ ಹಂದಿಗಳೇ ಹಳ್ಳಿಯ ಅನ್ನ.

ಒಂದು ಬೆಳಿಗ್ಗೆ ಮುದುಕ ಸತ್ತ. ಮುಂದೆ ಯಾರೂ ಬಳಸದಂತೆ ಅದೇ ದಿನ ಹೆಣದ ಎದುರು ಮುದ್ರೆ ಒಡೆಯಬೇಕು, ಅದು ಕಟ್ಟಳೆ. ಮಕ್ಕಳಾದ ಐಟೆಲ್ ಮತ್ತು ಗೆಬ್‌ಹಾರ್ಟ್ ಮೊದಲು ಬಾಗಿಲು ಹಾಕಿಕೊಂಡರು. ಕಾಡು ಇನ್ನು ತಮ್ಮ ಬೇಟೆಗೆ ಮಾತ್ರ ಎಂದು ಹೊಸ ಪತ್ರ ಬರೆದು, ಹಿಂದಿನ ವಾರದ ದಿನಾಂಕ ಹಾಕಿ, ನನ್ನನ್ನು ಒತ್ತಿದರು. ಉಳಿದದ್ದು ಹೆಬ್ಬೆರಳು.

"ಮುಷ್ಟಿ ಬಿಡಿಸೋ," ಎಂದ ಐಟೆಲ್.

"ಬಿಗಿದುಕೊಂಡಿದೆ ಅಣ್ಣಾ, ಬರ್ತಿಲ್ಲ."

"ಬದುಕಿದ್ದಾಗ್ಲೂ ಏನು ಬಿಟ್ಟುಕೊಟ್ಟ ಇವನು? ಎಳಿ!"

ಎಲುಬು ಲಟಕ್ಕೆಂದಿತು. ಥೂ! ಹೆತ್ತವನ ಬೆರಳನ್ನು ಬಿಸಿ ಮೇಣಕ್ಕೆ ಅದ್ದಿ ಇಬ್ಬರೂ ಕಿಸಕ್ಕನೆ ನಕ್ಕರು.

ಹೆಣ ತೊಳೆಯಲು ಹಳ್ಳಿಯಿಂದ ಕುನ್ನೆ ಎಂಬ ಹೆಂಗಸು ಬಂದಳು. ಅವಳ ಮನೆಯಲ್ಲೂ ಐದು ಹಂದಿಗಳಿದ್ದವು. ಐಟೆಲ್ ಎಲ್ಲರೆದುರು ಪತ್ರ ಓದಿಸಿದಾಗ ಅವಳು ಸತ್ತವನ ಕೈಯನ್ನು ಪಾದ್ರಿಯ ಮುಂದೆ ಎತ್ತಿ ಹಿಡಿದಳು.

"ಉಗುರಲ್ಲಿ ಮೇಣ ಇದೆ ನೋಡಿ ಸ್ವಾಮಿ. ಹೋದ ವಾರದ್ದಾದ್ರೆ ಹೇಗೆ ಉಳೀತು? ನಿನ್ನೆ ನೀವೇ ತಾನೆ ಈ ಕೈ ಒರೆಸಿ, ಸಾಯೋರಿಗೆ ಹಚ್ಚೋ ದೇವರ ಎಣ್ಣೆ ಹಚ್ಚಿದ್ದು?"

ಪಾದ್ರಿ ಐಟೆಲನ ಮುಖ ನೋಡಿದ. "ನನಗೆ ಸರಿಯಾಗಿ ನೆನಪಿಲ್ಲಮ್ಮ," ಎಂದ. ದೇವರ ಎಣ್ಣೆ ಹಚ್ಚಿದ ಬಾಯಿಯಲ್ಲ, ಬೆಣ್ಣೆ ಹಚ್ಚಿದ ಬಾಯಿ.

ಸುತ್ತಿಗೆ ಬಿತ್ತು. ನಾನು ಎರಡಾದೆ. ನೆಲಕ್ಕೆ ಸಿಡಿದ ಒಂದು ಹೋಳನ್ನು, ಅಂದರೆ ಈಗಿನ ನನ್ನನ್ನು, ಕುನ್ನೆ ಸೊಂಟದ ಚೀಲಕ್ಕೆ ಹಾಕಿಕೊಂಡಳು. ಆ ಚಳಿಗಾಲ ಹಳ್ಳಿಯಲ್ಲಿ ಹಂದಿಗಳೂ ಉಳಿಯಲಿಲ್ಲ, ಅವಳ ಗಂಡನೂ ಉಳಿಯಲಿಲ್ಲ. ಕಾಡಿನಲ್ಲಿ ಓಕ್ ಕಾಯಿ ಕೊಳೆಯಿತು.

ಒಂಬತ್ತು ವರ್ಷದ ಮೇಲೆ ಐಟೆಲ್ ಹೊಟ್ಟೆ ಉಬ್ಬಿ ಸತ್ತ. ಮತ್ತೆ ಕುನ್ನೆಗೇ ಕರೆ ಬಂತು. ನಾನು ಅವಳ ಸೊಂಟದ ಚೀಲದಲ್ಲಿದ್ದೆ. ತಲೆ, ಎದೆ, ಕಾಲು ತೊಳೆದು, ಕೈ ಮಾತ್ರ ಮುಟ್ಟದೆ ಬಟ್ಟೆ ಹಿಂಡಿದಳು.

"ಕೈ ತೊಳೆದಿಲ್ಲವಲ್ಲೇ," ಎಂದ ಗೆಬ್‌ಹಾರ್ಟ್.

"ಉಜ್ಜಿದೆ ಒಡೆಯಾ. ಆ ಮೇಣ ಹೋಗಲ್ಲ."

ಅವನು ತನ್ನ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.

ಈಗ ನಾನು ಅವಳ ಒಲೆಯ ಪಕ್ಕ, ಉಪ್ಪಿನ ಮಡಕೆಯ ಮುಚ್ಚಳದ ಮೇಲೆ ಭಾರವಾಗಿ ಕೂತಿದ್ದೇನೆ. ಯಾರ ಮಾತನ್ನೂ ನಿಜ ಎನ್ನಬೇಕಾಗಿಲ್ಲ. ಇಲಿ ಬಾರದಂತೆ ನೋಡಿಕೊಂಡರೆ ಸಾಕು.